ಡೆನ್ಮಾರ್ಕಿನ ಪಶ್ಚಿಮ ಕರಾವಳಿಯಲ್ಲಿ ಒಂದು ವಾರ: ಇಳಿತದ ವೇಳೆ ನೋಡಿ ಹಾಕುವ ಪ್ಲಾನ್

ಕೋಪನ್‌ಹೇಗನ್‌ನಲ್ಲಿ ಮೂರು ರಾತ್ರಿ, ಹೆಲ್ಸಿಂಗೋರ್ ಕೋಟೆಗೆ ಅರ್ಧ ದಿನ, ಆಮೇಲೆ ಸ್ವೀಡನ್. ನಮ್ಮವರ ಡೆನ್ಮಾರ್ಕ್ ಪ್ರವಾಸ ಹೆಚ್ಚಾಗಿ ಇಷ್ಟಕ್ಕೇ ಮುಗಿಯುತ್ತದೆ. ಹಳೇ ಊರೂ ಬೇಕು, ಕಡಲೂ ಬೇಕು ಅನ್ನುವವರಿಗೆ ನಾನು ಹೇಳುವ ಜಾಗ ಜಟ್‌ಲ್ಯಾಂಡ್ ಎಂಬ ಪರ್ಯಾಯ ದ್ವೀಪದ ನೈಋತ್ಯ ಮೂಲೆ: ರೀಬೆ ಊರು, ಮಾಂಡೋ, ಫಾನೋ, ರೋಮೋ ದ್ವೀಪಗಳು. ಒಂದೇ ಮನೆ ಹಿಡಿದು ಏಳು ರಾತ್ರಿ ಅಲ್ಲೇ ಉಳಿಯಬೇಕು.

ವೀಸಾ ಷೆಂಗೆನ್‌ನದೇ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಬೇಕು. ನಾಣ್ಯ ಮಾತ್ರ ಕ್ರೋನ್, ಯೂರೋ ಅಲ್ಲ. ಕೋಪನ್‌ಹೇಗನ್‌ನಿಂದ ಎಸ್ಬಿಯರ್ಗ್ ಕಡೆಯ ರೈಲು ಹತ್ತಿ ಬ್ರಾಮಿಂಗ್‌ನಲ್ಲಿ ಬದಲಿಸಿದರೆ ಸುಮಾರು ಮೂರೂವರೆ ಗಂಟೆಯಲ್ಲಿ ರೀಬೆ. ಬಿಲ್ಲುಂಡ್ ವಿಮಾನ ನಿಲ್ದಾಣಕ್ಕೆ ಟಿಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿಂದ ಕಾರು ತೆಗೆದುಕೊಳ್ಳಬಹುದು.

ನನ್ನ ಆಯ್ಕೆ ಆಗಸ್ಟ್ ಎರಡನೇ ಅರ್ಧ. ಡೇನಿಶ್ ಶಾಲೆಗಳು ಅಷ್ಟರಲ್ಲಿ ತೆರೆದಿರುತ್ತವೆ, ಮನೆ ಬಾಡಿಗೆ ಇಳಿಯುತ್ತದೆ, ನೀರು ಮಾತ್ರ ಇಡೀ ಬೇಸಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಿಸಿ ಎಂದರೆ 17–19 ಡಿಗ್ರಿ. ಕಾರವಾರದ ಲೆಕ್ಕ ಇಲ್ಲಿ ನಡೆಯದು.

ಬೇಸಗೆ ಮನೆಗಳ ಬಾಡಿಗೆ ಸೀಸನ್‌ನಲ್ಲಿ ಶನಿವಾರದಿಂದ ಶನಿವಾರಕ್ಕೆ. ವೆಬ್‌ಸೈಟಿನಲ್ಲಿ ಕಾಣುವ ದರದ ಮೇಲೆ ಮೂರು ಬಾಬ್ತು ಸೇರುತ್ತವೆ: ಕರೆಂಟು, ಕೊನೆಯ ಕ್ಲೀನಿಂಗ್, ಹಾಸಿಗೆ ಬಟ್ಟೆ. ಕರೆಂಟಿಗೆ ಯೂನಿಟ್ ಲೆಕ್ಕ. ಒಳಗೆ ಕಾಲಿಟ್ಟ ಕೂಡಲೇ ಮೀಟರ್ ಫೋಟೋ ತೆಗೆಯಿರಿ, ಹೊರಡುವಾಗ ಇನ್ನೊಂದು. ಒಳಗೇ ಈಜುಕೊಳ ಇರುವ ಮನೆ ಅಗ್ಗಕ್ಕೆ ಸಿಕ್ಕರೆ ಅನುಮಾನಪಡಿ, ಆ ನೀರು ಬಿಸಿಯಾಗಿಡುವ ಖರ್ಚು ನಿಮ್ಮ ಮೀಟರಿನಲ್ಲೇ ಓಡುತ್ತದೆ. ಒಲೆ ಹೆಚ್ಚಾಗಿ ಇಂಡಕ್ಷನ್, ಅಲ್ಯೂಮಿನಿಯಂ ಕುಕ್ಕರ್ ಹೊತ್ತೊಯ್ದರೆ ಕೆಲಸಕ್ಕೆ ಬಾರದು. ಒಗ್ಗರಣೆಗೆ ಮೊದಲು ಚಿಮಣಿ ಫ್ಯಾನ್ ಹಾಕಿ ಕಿಟಕಿ ತೆರೆಯಿರಿ, ಇಲ್ಲದಿದ್ದರೆ ಹೊಗೆ ಅಲಾರಂ ಕೂಗುತ್ತದೆ. ತೊಗರಿಬೇಳೆ, ಸಾರಿನ ಪುಡಿ ಊರಿಂದ ಒಯ್ಯಬಹುದು. ತುಪ್ಪ, ಪೇಡ, ಹಸಿ ಕರಿಬೇವು ಬೇಡ: ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ, ಹಸಿ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತದೆ. ಕಾರ್ಡು ಎಲ್ಲೆಡೆ ನಡೆಯುತ್ತದೆ. ಆದರೆ ಹೊಲದ ಅಂಚಿನಲ್ಲಿ ಆಳಿಲ್ಲದೆ ಆಲೂಗಡ್ಡೆ, ಸ್ಟ್ರಾಬೆರಿ ಇಟ್ಟಿರುವ ಪೆಟ್ಟಿಗೆ ಅಂಗಡಿಗಳಲ್ಲಿ ಮೊಬೈಲ್‌ಪೇ (ಫೋನಿನಿಂದ ಹಣ ಕೊಡುವ ಅಲ್ಲಿನ ಆ್ಯಪ್) ಅಥವಾ ಚಿಲ್ಲರೆ ಮಾತ್ರ. ಮೊಬೈಲ್‌ಪೇಗೆ ಅಲ್ಲಿನ ಬ್ಯಾಂಕ್ ಖಾತೆ ಬೇಕು, ಹಾಗಾಗಿ ಜೇಬಿನಲ್ಲಿ ನಾಣ್ಯ ಇರಲಿ.

ಇನ್ನು ಉಬ್ಬರ-ಇಳಿತ. ಇಡೀ ವಾರದ ಪ್ಲಾನ್ ನಿಂತಿರುವುದೇ ಇದರ ಮೇಲೆ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಇಲ್ಲಿನ ವಾಡೆನ್ ಸಮುದ್ರದಲ್ಲಿ ನೀರು ದಿನಕ್ಕೆ ಎರಡು ಸಲ ಇಳಿದು ಮೈಲುಗಟ್ಟಲೆ ಕೆಸರುಬಯಲು ಬಿಡುತ್ತದೆ. ಒಂದು ಇಳಿತಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನಕ್ಕೆ 50 ನಿಮಿಷ ತಡ. ಇವತ್ತು ಬೆಳಗ್ಗೆ 10ಕ್ಕೆ ಇಳಿತವಿದ್ದರೆ ನಾಲ್ಕು ದಿನ ಬಿಟ್ಟು ಮಧ್ಯಾಹ್ನ 1.20ರ ಹೊತ್ತಿಗೆ. ಡೇನಿಶ್ ಹವಾಮಾನ ಸಂಸ್ಥೆಯ ಪಟ್ಟಿ ನೋಡಿ, ಹಗಲು ಇಳಿತ ಸಿಗುವ ದಿನಗಳನ್ನು ಮಾಂಡೋಗೆ ಮೊದಲೇ ಮೀಸಲಿಡಿ. ಆ ದ್ವೀಪಕ್ಕೆ ಸೇತುವೆ ಇಲ್ಲ. ವೆಸ್ಟರ್ ವೆಡ್‌ಸ್ಟೆಡ್‌ನಿಂದ ಟ್ರ್ಯಾಕ್ಟರ್ ಎಳೆಯುವ ಬಸ್ಸು ಹೋಗುತ್ತದೆ, ವೇಳಾಪಟ್ಟಿ ದಿನಾ ಬದಲಾಗುತ್ತದೆ. ಪಶ್ಚಿಮದ ಗಾಳಿ ಜೋರಾದರೆ ನೀರು ಪಟ್ಟಿಯಲ್ಲಿರುವಷ್ಟು ಇಳಿಯುವುದೇ ಇಲ್ಲ, ಅದಕ್ಕೇ ಒಂದು ಬದಲಿ ದಿನ ಬೇಕು. ಜಲ್ಲಿ ದಾರಿಯಲ್ಲಿ ಸ್ವಂತ ಕಾರು ಒಯ್ಯುವವರೂ ಇದ್ದಾರೆ. ಬಾಡಿಗೆ ಕಾರಿನಲ್ಲಿ ನಾನಂತೂ ಹೋಗೆನ್ನುವುದಿಲ್ಲ, ಉಪ್ಪುನೀರಿನ ಹಾನಿಗೆ ವಿಮೆ ಸಿಗುವುದು ಕಷ್ಟ.

ಕೆಸರುಬಯಲಲ್ಲಿ ಗೈಡ್ ಇಲ್ಲದೆ ದೂರ ನಡೆಯಬೇಡಿ. ನೀರು ಎದುರಿನಿಂದ ಅಲೆಯಾಗಿ ಬರುವುದಿಲ್ಲ. ಬಯಲನ್ನು ಸೀಳಿರುವ ತೋಡುಗಳು ಮೊದಲು ತುಂಬುತ್ತವೆ, ನೀವು ದಾಟಿ ಬಂದ ಮೊಣಕಾಲುದ್ದದ ತೋಡು ಹಿಂದಿನಿಂದ ಸದ್ದಿಲ್ಲದೆ ಸೊಂಟ ಮೀರಿರುತ್ತದೆ. ಮಂಜು ಕವಿದರೆ ದಡ ಯಾವ ಕಡೆ ಎಂಬುದೂ ತಿಳಿಯದು.

ರೋಮೋ ಮತ್ತು ಫಾನೋದಲ್ಲಿ ಬೀಚಿನ ಮೇಲೇ ಕಾರು ಓಡಿಸಬಹುದು. ಕಪ್ಪಾಗಿ, ಒದ್ದೆಯಾಗಿ, ಗಟ್ಟಿಯಾಗಿರುವ ಮರಳಿನಲ್ಲೇ, ಇತರರ ಚಕ್ರದ ಗುರುತಿನ ಮೇಲೇ ಹೋಗಿ. ದಿಬ್ಬಗಳ ಬುಡದ ಬಿಳಿ ಒಣ ಮರಳು ನೋಡಲು ಚೆಂದ, ಚಕ್ರ ಮಾತ್ರ ಹೂತುಹೋಗುತ್ತದೆ. ಹೂತರೆ ಆಕ್ಸಿಲರೇಟರ್ ಒತ್ತಬೇಡಿ. ಚಕ್ರದ ಮುಂದಿನ ಮರಳು ತೋಡಿ, ಕಾರಿನ ಮ್ಯಾಟ್ ಕೊಟ್ಟು, ನಿಧಾನಕ್ಕೆ ಹೊರತನ್ನಿ. ಗಾಳಿ ನೆಲದಿಂದ ಕಡಲಿಗೆ ಬೀಸುವ ದಿನ ಮಕ್ಕಳ ಗಾಳಿ ತುಂಬಿದ ದೋಣಿ ನೀರಿಗಿಳಿಸಬಾರದು.

ಉಬ್ಬರ ಹಗಲಿಗೆ ಬೀಳುವ ದಿನಗಳು ರೀಬೆಗೆ. ಡೆನ್ಮಾರ್ಕಿನ ಅತಿ ಹಳೆಯ ಊರು, 8ನೇ ಶತಮಾನದ ಆರಂಭದಲ್ಲಿ ಸಂತೆ ಪೇಟೆಯಾಗಿ ಹುಟ್ಟಿದ್ದು. ಕಲ್ಲು ಹಾಸಿನ ಓಣಿಗಳು, ಸೊಟ್ಟಗೆ ವಾಲಿದ ಮರದ ಚೌಕಟ್ಟಿನ ಮನೆಗಳು. ನದಿ ದಂಡೆಯ ಹಳೇ ಬಂದರಿನಲ್ಲಿ ಒಂದು ಕಂಬವಿದೆ, ಅದಕ್ಕೆ ಸುತ್ತಿದ ಬಳೆಗಳು ನೆರೆಯ ಮಟ್ಟ ಹೇಳುತ್ತವೆ. ತಲೆಗಿಂತ ಎಷ್ಟೋ ಎತ್ತರದಲ್ಲಿರುವ ಮೇಲಿನ ಬಳೆ 1634ರದು. ಆಮೇಲೆ ಕೆಥೆಡ್ರಲ್ ಗೋಪುರ ಹತ್ತಿ ಸುತ್ತಲಿನ ಚಪ್ಪಟೆ ಜೌಗು ನೋಡಿದರೆ ಆ ನೀರು ಇಲ್ಲಿಗೆ ಹೇಗೆ ಬಂತೆಂದು ಗೊತ್ತಾಗುತ್ತದೆ. ಬೇಸಗೆ ರಾತ್ರಿಗಳಲ್ಲಿ ಲಾಟೀನು ಹಿಡಿದ ಕಾವಲುಗಾರನ ಸುತ್ತಾಟ ಉಚಿತ, ಚೌಕದಿಂದ ಹೊರಡುತ್ತದೆ. ಉಚಿತ ಪಾರ್ಕಿಂಗ್‌ನಲ್ಲೂ ಗಾಜಿನ ಹಿಂದಿನ ಪಾರ್ಕಿಂಗ್ ಗಡಿಯಾರದಲ್ಲಿ ಬಂದ ವೇಳೆ ತೋರಿಸಬೇಕು, ಮರೆತರೆ ದಂಡ.

ಫಾನೋಗೆ ಎಸ್ಬಿಯರ್ಗ್‌ನಿಂದ ದೋಣಿ, 12 ನಿಮಿಷ. ದಕ್ಷಿಣ ತುದಿಯ ಸೋಂಡರ್‌ಹೋದಲ್ಲಿ ನಾವಿಕರ ಹುಲ್ಲಿನ ಮಾಡಿನ ಮನೆಗಳಿವೆ, ಅರ್ಧ ದಿನ ಕೊಡಬಹುದು.

ಬಿರುಗಾಳಿ ಬಂದು ಹೋದ ಮರುದಿನ ಆಂಬರ್ (ಕಲ್ಲಿನಂತಾದ ಪ್ರಾಚೀನ ಮರದ ಅಂಟು) ಹುಡುಕಿ, ಕಪ್ಪು ಕಡ್ಡಿ-ಕಸದ ಗೆರೆ ಬಿದ್ದಲ್ಲಿ. ಜೇನು ಬಣ್ಣದ ಚೂರು ಸಿಕ್ಕರೆ ಮೊದಲು ಸಿಹಿನೀರಿಗೆ ಹಾಕಿ, ಮುಳುಗಬೇಕು. ನಂತರ ಇನ್ನು ಕರಗದು ಎನ್ನುವಷ್ಟು ಉಪ್ಪು ಬೆರೆಸಿದ ನೀರಿಗೆ ಹಾಕಿ. ಆಂಬರ್ ತೇಲುತ್ತದೆ, ಗಾಜು ಮತ್ತು ಕಲ್ಲು ತಳ ಸೇರುತ್ತವೆ.

ಶುಕ್ರವಾರ ರಾತ್ರಿಯೇ ಖಾಲಿ ಬಾಟಲಿಗಳನ್ನು ಸೂಪರ್‌ಮಾರ್ಕೆಟ್ಟಿನ ಮೆಷಿನ್‌ಗೆ ಹಾಕಿಬಿಡಿ. ಕೊಳ್ಳುವಾಗ ಕೊಟ್ಟ ಠೇವಣಿ ವಾಪಸ್ ಸಿಗುತ್ತದೆ: ಮೇಲೆ ಎ ಗುರುತಿದ್ದರೆ 1 ಕ್ರೋನ್, ಬಿಗೆ 1.50, ಸಿಗೆ 3. ಶನಿವಾರ ಬೆಳಗ್ಗೆ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇದಕ್ಕೆ ಸಮಯ ಸಿಗುವುದಿಲ್ಲ.