ತುಕ್ಕಿಗೆ ಅಳಲೆಕಾಯಿ ಕಷಾಯ: ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು

ತುಕ್ಕು ಹಿಡಿದ ಕಬ್ಬಿಣವನ್ನು ಥಳಥಳ ಹೊಳೆಯುವಂತೆ ಉಜ್ಜಿ, ಆಮೇಲೆ ಟ್ಯಾನಿನ್ (ಅಳಲೆಕಾಯಿಯಲ್ಲಿರುವ ಒಗರಿನ ಅಂಶ) ಬಳಿಯುವವರೇ ಹೆಚ್ಚು. ಟ್ಯಾನಿನ್ ಕೆಲಸ ಮಾಡುವುದು ತುಕ್ಕಿನ ಮೇಲೆ. ಅದರಲ್ಲಿರುವ ಕಬ್ಬಿಣದೊಂದಿಗೆ ಸೇರಿ ನೀಲಿಗಪ್ಪು ಪದರವಾಗುತ್ತದೆ. ಹೊಳೆಯುವ ಲೋಹದ ಮೇಲೆ ಬಳಿದರೆ ತೇಪೆತೇಪೆಯಾಗಿ ನಿಂತು ಬೇಗ ಅಳಿಸಿಹೋಗುತ್ತದೆ.

ಕಷಾಯ ಸುಲಭ. ಬೀಜ ತೆಗೆದ ಒಣ ಅಳಲೆಕಾಯಿಯ ಪುಡಿ 50 ಗ್ರಾಂ, ನೀರು 1 ಲೀಟರ್. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಬಟ್ಟೆಯಲ್ಲಿ ಸೋಸಿ. ಸ್ಟೀಲ್ ಪಾತ್ರೆಯೇ ಬೇಕು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಸಿಗುವುದು ಶಾಯಿ. ಇಟ್ಟರೆ ಬೂಸ್ಟು ಹಿಡಿಯುತ್ತದೆ, ಬೇಕಾದಷ್ಟೇ ಮಾಡಿಕೊಳ್ಳಿ.

ಇನ್ನು ಉಜ್ಜುವುದು. ತಂತಿ ಬ್ರಷ್‌ನಿಂದ ಸಡಿಲ ತುಕ್ಕನ್ನೆಲ್ಲ ಉದುರಿಸಿ. ಚಾಕುವಿನ ತುದಿಯಿಂದ ಅಲ್ಲಲ್ಲಿ ಕೆರೆದು ನೋಡಿ: ಹಕ್ಕಳೆ ಏಳುತ್ತಿದ್ದರೆ ಇನ್ನೂ ಉಜ್ಜಬೇಕು. ಹಕ್ಕಳೆಯ ಮೇಲ್ಭಾಗ ಕಪ್ಪಾದರೂ ಅಡಿಯಲ್ಲಿ ತುಕ್ಕು ತಿನ್ನುತ್ತಲೇ ಇರುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಪುಡಿ ಬರದೆ ನಸುಗಂದು ಕಲೆ ಮಾತ್ರ ಅಂಟಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಸೋಪುನೀರಿನಲ್ಲಿ ಎಣ್ಣೆಜಿಡ್ಡು ತೆಗೆದು, ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪಿನಂಶ ತುಕ್ಕು ತೋಡಿದ ಗುಂಡಿಗಳಲ್ಲಿ ಉಳಿದರೆ ಯಾವ ಕಷಾಯವೂ ತಡೆಯದು. ಪೂರ್ತಿ ಒಣಗಿಸಿ.

ಬಳಿಯುವ ಕಷಾಯವನ್ನು ಸಣ್ಣ ಬಟ್ಟಲಿಗೆ ಸುರಿದುಕೊಳ್ಳಿ. ಬ್ರಷ್ಷನ್ನು ಶೀಸೆಗೇ ಅದ್ದಿದರೆ ಅದರೊಡನೆ ಹೋದ ತುಕ್ಕು ಶೀಸೆಯನ್ನೆಲ್ಲ ಕಪ್ಪು ಮಾಡುತ್ತದೆ. ತೆಳ್ಳಗೆ ಮೂರು ಸಲ ಬಳಿಯಿರಿ, ಪ್ರತಿ ಸಲವೂ ಗಾಳಿಯಲ್ಲಿ ಒಣಗಲು ಬಿಡಿ. ಬಣ್ಣ ಗಾಢವಾಗುವುದು ಗಾಳಿ ತಾಗಿದಾಗಲೇ. ಕಂದಾಗಿಯೇ ಉಳಿದ ಜಾಗದಲ್ಲಿ ಜಿಡ್ಡಿದೆ ಅಥವಾ ತುಕ್ಕು ದಪ್ಪಗಿದೆ. ಒಂದು ದಿನ ಬಿಟ್ಟು ಮೇಣವೋ ಎಣ್ಣೆಬಣ್ಣವೋ ಬಳಿಯಲೇಬೇಕು, ಏಕೆಂದರೆ ಕಪ್ಪು ಪದರದ ಸಣ್ಣ ರಂಧ್ರಗಳಲ್ಲಿ ನೀರು ಇಳಿಯುತ್ತದೆ. ಒಳಾಂಗಣದ ಸಾಮಾನಿಗೆ ಮೇಣವೇ ಮೇಲು.

ಅಂಗಡಿಯಲ್ಲಿ ಸಿಗುವ, ತುಕ್ಕನ್ನು ಹೀಗೆಯೇ ಬದಲಾಯಿಸುವ ‘ರಸ್ಟ್ ಕನ್ವರ್ಟರ್’ ದ್ರಾವಣದ ಡಬ್ಬಿ ತೆರೆದಾಗಲೇ ಕಪ್ಪಗಿದ್ದರೆ ಕೊಳ್ಳಬೇಡಿ. ತುಕ್ಕು ಬದಲಾಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ನುಣುಪಾಗಿ ಕಡೆದ ಯಂತ್ರದ ಬಿಡಿಭಾಗಗಳಿಗೆ ಈ ವಿಧಾನ ಸಲ್ಲದು. ಅವುಗಳನ್ನು ತೊಳೆಯುವ ನೀರಿಗೆ ತುಕ್ಕು ತಡೆಯಲು ಸೋಡಿಯಂ ನೈಟ್ರೈಟ್ ಎಂಬ ಲವಣ ಹಾಕುವುದುಂಟು. ಉಳಿತಾಯಕ್ಕೆಂದು ಪ್ರಮಾಣ ತಗ್ಗಿಸಿದರೆ ರಕ್ಷಣೆ ಸಿಗದ ಚುಕ್ಕೆಗಳಲ್ಲೇ ತುಕ್ಕು ಆಳಕ್ಕಿಳಿದು ಗುಂಡಿ ತೋಡುತ್ತದೆ. ಆಮ್ಲದ ಜೊತೆಯಂತೂ ಅದನ್ನು ಸೇರಿಸಲೇಬೇಡಿ, ಕಂದು ಬಣ್ಣದ ವಿಷಾನಿಲ ಏಳುತ್ತದೆ.