ಎರಡು ಕೂಸುಗಳಿಗೆ ಬಟ್ಟೆಯ ಲಂಗೋಟಿ: ನಳ ಮತ್ತು ಬಿಸಿಲಿನ ಲೆಕ್ಕ

ಹಿರಿಯ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತೊಟ್ಟಿಲಿಗೆ ಇನ್ನೊಂದು ಕೂಸು ಬಂದಾಗ, ಬಟ್ಟೆಯ ಲಂಗೋಟಿಯ ರೂಢಿಯನ್ನು ಕೈಬಿಡುವುದೇ ಲೇಸೆಂದು ಹಲವು ಮನೆಗಳಲ್ಲಿ ತೀರ್ಮಾನಿಸುತ್ತಾರೆ. ನಮ್ಮ ಮನೆಯಲ್ಲಿಯೂ ಆ ಮಾತು ಬಂದಿತ್ತು. ಧಾರವಾಡದಲ್ಲಿ ಎರಡು ಕೂಸುಗಳನ್ನು ಒಟ್ಟಿಗೆ ಬಟ್ಟೆಯಲ್ಲಿಯೇ ಬೆಳೆಸಿದ ಮೇಲೆ ನನಗೆ ತಿಳಿದದ್ದೆಂದರೆ, ಈ ಕೆಲಸದ ಭಾರವನ್ನು ನಿರ್ಧರಿಸುವುದು ನಳ ಬರುವ ದಿನ ಮತ್ತು ಮಾಳಿಗೆಯ ಬಿಸಿಲು. ಮಕ್ಕಳು ಒಂದೋ ಎರಡೋ ಎಂಬುದು ಅನಂತರದ ಮಾತು.

ಮೊದಲು ಎಣಿಕೆಯನ್ನು ನೋಡೋಣ. ಹೊಸ ಕೂಸಿಗೆ ದಿನಕ್ಕೆ 10ರಿಂದ 12 ಲಂಗೋಟಿ ಬೇಕಾಗುತ್ತವೆ. ಒಂದೂವರೆ ವರ್ಷ ದಾಟಿದ ಮಗುವಿಗೆ 5 ಅಥವಾ 6 ಸಾಕು. ಎರಡೂ ಸೇರಿ ದಿನಕ್ಕೆ 18 ಎಂದು ಹಿಡಿದರೆ, ದಿನ ಬಿಟ್ಟು ದಿನ ಒಗೆಯುವ ಮನೆಗೆ ಎರಡು ದಿನದ 36 ಮತ್ತು ಒಗೆದವು ಒಣಗುವವರೆಗೆ ಬೇಕಾಗುವ 18, ಒಟ್ಟು 54 ಬಟ್ಟೆಗಳು ಬೇಕು. ಮಳೆಗಾಲಕ್ಕೆ ಇನ್ನೊಂದು ಡಜನ್ ಹೆಚ್ಚಿಗೆ ಇಟ್ಟುಕೊಂಡರೆ ಮನಸ್ಸಿಗೆ ನೆಮ್ಮದಿ. ನೀರು ಹೊರಬಾರದ ಮೇಲುಹೊದಿಕೆಯಿಲ್ಲದೆ ಬರಿಯ ಲಂಗೋಟಿ ಕಟ್ಟುವ ಹಳೆಯ ಕ್ರಮದಲ್ಲಾದರೆ ಉಚ್ಚೆ ಹೊಯ್ದಾಗಲೆಲ್ಲ ಬದಲಾಯಿಸಬೇಕಾಗುವುದರಿಂದ ಚಿಕ್ಕ ಕೂಸೊಂದಕ್ಕೇ 20 ಸಾಲದೆ ಹೋಗಬಹುದು.

ಇಷ್ಟೊಂದು ಬಟ್ಟೆಯನ್ನು ಸಿದ್ಧ ರೂಪದಲ್ಲಿ ಕೊಳ್ಳುವ ಅಗತ್ಯವಿಲ್ಲ. ಸುಮಾರು 70 ಸೆಂಟಿಮೀಟರ್ ಚೌಕದ ಒಂದೇ ಪದರದ ಹತ್ತಿ ಬಟ್ಟೆ ಎರಡೂ ಮಕ್ಕಳಿಗೆ ಹೊಂದುತ್ತದೆ ಎಂಬುದೇ ಅದರ ದೊಡ್ಡ ಗುಣ. ಅದನ್ನು ಚಿಕ್ಕದಾಗಿ ಮಡಚಿದರೆ ಕೂಸಿಗಾಗುತ್ತದೆ, ಉದ್ದನೆಯ ಪಟ್ಟಿಯಾಗಿ ಮಡಚಿ ಮೇಲುಹೊದಿಕೆಯೊಳಗೆ ಇಟ್ಟರೆ ದೊಡ್ಡದಕ್ಕಾಗುತ್ತದೆ. ಅಜ್ಜನ ಹಳೆಯ ಧೋತರಕ್ಕಿಂತ ಒಳ್ಳೆಯ ಬಟ್ಟೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಹಳೆಯ ಇಳಕಲ್ ಸೀರೆಯನ್ನು ಹರಿಯುವುದಾದರೆ ಹತ್ತಿಯ ಒಡಲನ್ನು ಮಾತ್ರ ತೆಗೆದುಕೊಂಡು, ರೇಷ್ಮೆ ಇಲ್ಲವೆ ಕೃತಕ ನೂಲಿನ ದಡಿ ಮತ್ತು ಸೆರಗನ್ನು ಕೌದಿಗೆ ಬಿಡಬೇಕು, ಏಕೆಂದರೆ ಅವು ನೀರನ್ನು ಸರಿಯಾಗಿ ಹೀರುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಅಂಗಡಿಗಳಿಂದ ಹೊಸ ಮಲ್ ಬಟ್ಟೆ ತಂದರೆ ಬಳಸುವ ಮೊದಲು ಬಿಸಿನೀರಿನಲ್ಲಿ ನಾಲ್ಕೈದು ಸಲ ಒಗೆಯಬೇಕು. ಗಂಜಿಯೂ ಹತ್ತಿಯ ಸಹಜ ಜಿಡ್ಡೂ ಹೋಗುವವರೆಗೆ ಬಟ್ಟೆಗೆ ಹೀರುವ ಶಕ್ತಿ ಬರುವುದಿಲ್ಲ.

ನೀರು ಹೊರಬಾರದ ಮೇಲುಹೊದಿಕೆಗಳಲ್ಲಿ ಮಾತ್ರ ಇಬ್ಬರಿಗೂ ಬೇರೆ ಬೇರೆ ಇರಲಿ. ಗುಂಡಿಗಳಿಂದ ಅಳತೆ ಹಿಗ್ಗಿಸುವ ಮಾದರಿಗಳು ಎರಡಕ್ಕೂ ಆಗುತ್ತವೆ ಎಂದು ಅಂಗಡಿಯವರು ಹೇಳುವುದು ನಿಜವೇ ಆದರೂ, ನಡುರಾತ್ರಿ ನಿದ್ದೆಗಣ್ಣಿನಲ್ಲಿ ಗುಂಡಿ ಬಿಚ್ಚಿ ಹಾಕುವ ಸಹನೆ ಯಾರಿಗೂ ಇರುವುದಿಲ್ಲ. ತಲೆಗೆ ನಾಲ್ಕೈದರಂತೆ ಎರಡು ಬಣ್ಣದವನ್ನು ಇಟ್ಟುಕೊಂಡರೆ ಗೊಂದಲವಿಲ್ಲ. ಹೊಲಸು ತಾಗದ ಹೊದಿಕೆಯನ್ನು ಗಾಳಿಗೆ ಹಿಡಿದು ಎರಡು ಮೂರು ಸಲ ಬಳಸಬಹುದು. ಕಟ್ಟಲು ಪಿನ್ನು ಬೇಡ. ಹಿರಿಯದು ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನಲ್ಲಿರುತ್ತದೆ. ಕಸಿ, ಅಂದರೆ ಕಟ್ಟುವ ದಾರ, ಹೊಲಿದ ಲಂಗೋಟಿ ಅಥವಾ ಅಂಟುಪಟ್ಟಿಯ ಹೊದಿಕೆ ಸಾಕು.

ಹಿರಿಯ ಮಗುವಿನ ಹಳೆಯ ಬಟ್ಟೆಗಳನ್ನು ಟ್ರಂಕಿನಿಂದ ತೆಗೆಯುವಾಗ ಒಂದು ಎಚ್ಚರಿಕೆಯನ್ನು ಮರೆಯಬಾರದು. ಅವುಗಳ ನಡುವೆ ಡಾಂಬರ ಗುಳಿಗೆ ಇಟ್ಟಿದ್ದರೆ, ಎಷ್ಟೇ ಒಗೆದು ಒಣಗಿಸಿದರೂ ನವಜಾತ ಕೂಸಿಗೆ ಅವನ್ನು ತೊಡಿಸದಿರುವುದೇ ಕ್ಷೇಮ. ಆ ಗುಳಿಗೆಯ ನ್ಯಾಫ್ತಲಿನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆಯನ್ನು ತರಬಲ್ಲದು, ಮತ್ತು ಆ ಕೊರತೆ ಹೊರನೋಟಕ್ಕೆ ಕಾಣುವಂಥದ್ದಲ್ಲ.

ಕಟ್ಟುವ ರೀತಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಗಂಡುಮಗುವಿಗೆ ಮುಂಭಾಗದಲ್ಲಿ, ಹೆಣ್ಣುಮಗುವಿಗೆ ನಡುಭಾಗದಲ್ಲಿ ಪದರ ಹೆಚ್ಚಿರಲಿ. ಹೊಕ್ಕುಳಬಳ್ಳಿ ಉದುರುವವರೆಗೆ ಬಟ್ಟೆಯ ಅಂಚು ಹೊಕ್ಕುಳಿನ ಕೆಳಗೇ ನಿಲ್ಲಲಿ. ಕೂಸಿನ ಕಾಲುಗಳನ್ನು ನೆಟ್ಟಗೆ ಎಳೆದು ಬಿಗಿಯುವುದು ಸೊಂಟದ ಕೀಲಿಗೆ ಒಳ್ಳೆಯದಲ್ಲ. ಅವು ಕಪ್ಪೆಯ ಕಾಲಿನಂತೆ ಅಗಲವಾಗಿ ಮಡಚಿಕೊಂಡಿರಬೇಕು.

ಇನ್ನು ಒಗೆಯುವ ವಿಷಯ. ಅಡಚಣೆಯೆಲ್ಲ ಇರುವುದು ಇಲ್ಲಿ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಬರುತ್ತದೆಯಾದರೂ, ದಿನವಿಡೀ ನೀರಿನ ವ್ಯವಸ್ಥೆಯಿರುವ ಬಡಾವಣೆಗಳನ್ನು ಬಿಟ್ಟರೆ ಉಳಿದವರು ನಳದ ಸರದಿಗಾಗಿ ದಿನಗಟ್ಟಲೆ ಕಾಯುವುದು ಹೊಸದಲ್ಲ; ಗದಗ-ಬೆಟಗೇರಿಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ನಳ ಬರಲಿ ಎಂದು ಮೂರು ನಾಲ್ಕು ದಿನ ಲಂಗೋಟಿ ಕೂಡಿಹಾಕಿದರೆ ಉಚ್ಚೆ ಕೊಳೆತು ಅಮೋನಿಯಾದ ಘಾಟು ಬಟ್ಟೆಯಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ಕೂಡಿಡಬೇಕಾದದ್ದು ನೀರನ್ನು. ನಾವು ಕೈಯಿಂದ ಒಗೆಯುವಾಗ ಎರಡು ದಿನದ ಲಂಗೋಟಿಗೆ ದೊಡ್ಡ ಬಕೆಟ್ಟಿನಲ್ಲಿ ಆರು ಬಕೆಟ್, ಎಂದರೆ ಹೆಚ್ಚುಕಡಿಮೆ 100 ಲೀಟರ್ ನೀರು ಹಿಡಿಯುತ್ತಿತ್ತು; ಅಷ್ಟನ್ನು ಒಂದು ಬ್ಯಾರಲಿನಲ್ಲಿ ಇದಕ್ಕೆಂದೇ ತೆಗೆದಿಡುತ್ತಿದ್ದೆವು. ಕಡೆಯ ಸಲ ಜಾಲಿಸಿದ ನೀರು ಮುಂದಿನ ಕಂತಿನ ಮೊದಲ ಜಾಲಿಕೆಗೆ ಬರುತ್ತದೆ. ಹೊಲಸು ತೊಳೆದ ನೀರನ್ನು ಮಾತ್ರ ಹಿತ್ತಲಿನ ಕರಿಬೇವಿಗೆ ಹಾಕದೆ ಸಂಡಾಸಿಗೆ ಸುರಿಯಬೇಕು, ಏಕೆಂದರೆ ಎಳೆಗೂಸಿನ ಮಲವೂ ರೋಗ ಹರಡಬಲ್ಲದು.

ಬಳಸಿದ ಲಂಗೋಟಿಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿಡುವ ಪದ್ಧತಿಯನ್ನು, ಓಡಾಡುವ ಮಗುವಿರುವ ಮನೆಯಲ್ಲಿ ನಿಲ್ಲಿಸಲೇಬೇಕು. ತಲೆ ಮುಂದಾಗಿ ಬಕೆಟ್ಟಿಗೆ ಬಿದ್ದ ಮಗುವಿಗೆ ತಾನಾಗಿ ಮೇಲೇಳಲು ಬರುವುದಿಲ್ಲ, ಮುಳುಗಲು ಕೆಲವೇ ಅಂಗುಲ ನೀರು ಸಾಕು, ಮತ್ತು ತಾಯಿ ಚಿಕ್ಕದಕ್ಕೆ ಹಾಲೂಡಿಸುತ್ತ ಕುಳಿತಿರುವ ಹೊತ್ತಿನಲ್ಲಿಯೇ ದೊಡ್ಡದು ಬಚ್ಚಲಿನ ಕಡೆಗೆ ನಡೆಯುತ್ತದೆ. ಲಂಗೋಟಿಗಳು ಮುಚ್ಚಳವಿರುವ ಡಬ್ಬಿಯಲ್ಲಿ ನೀರಿಲ್ಲದೆ ಇರಲಿ. ಎದೆಹಾಲು ಮಾತ್ರ ಕುಡಿಯುವ ಕೂಸಿನ ಮಲ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಅನ್ನ ತಿನ್ನುವ ಮಗುವಿನದನ್ನು ಸಂಡಾಸಿಗೆ ಕೊಡವಿ, ಕೂಡಲೇ ಒಮ್ಮೆ ಜಾಲಿಸಿ ಡಬ್ಬಿಗೆ ಹಾಕಬೇಕು.

ಒಗೆಯುವ ದಿನ ಮೊದಲು ತಣ್ಣೀರಿನಲ್ಲಿ ಜಾಲಿಸಿ, ಬಳಿಕ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಕುಕ್ಕಿ ಒಗೆದು, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಯಂತ್ರವಿದ್ದರೆ 60 ಡಿಗ್ರಿಯ ನೀರು ಒಳ್ಳೆಯದು. ಬೋರಿನ ಸವಳು ನೀರಿನಲ್ಲಿ, ಅಂದರೆ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವ ನೀರಿನಲ್ಲಿ, ಎಣ್ಣೆಯಿಂದ ಮಾಡಿದ ಬಾರ್ ಸೋಪು ಸುಣ್ಣದ ಅಂಶದೊಡನೆ ಸೇರಿ ಗಸಿಯಾಗಿ ನೂಲಿಗೆ ಅಂಟುತ್ತದೆ. ಅಂತಹ ಬಟ್ಟೆ ನೋಡಲು ಬೆಳ್ಳಗಿದ್ದರೂ ಹಲಗೆಯಂತೆ ಬಿರುಸಾಗಿರುತ್ತದೆ. ಇಲ್ಲಿ ಪುಡಿಯೇ ವಾಸಿ, ಮತ್ತು ಕೊನೆಯ ಜಾಲಿಕೆಗಾದರೂ ನಳದ ಸಿಹಿನೀರು ಬಳಸಿದರೆ ಉತ್ತಮ. ಒಣಗಿದ ಬಟ್ಟೆಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ: ಹನಿ ಮುತ್ತಿನಂತೆ ನಿಂತರೆ ಸೋಪು ಅಥವಾ ಎಣ್ಣೆ ಉಳಿದಿದೆ ಎಂದರ್ಥ. ಬಟ್ಟೆ ಮೆತ್ತಗಾಗಲೆಂದು ಹಾಕುವ ಪರಿಮಳದ ದ್ರಾವಣವೂ ಇದೇ ತೊಂದರೆಯನ್ನು ತರುತ್ತದೆ. ಪ್ರತಿ ಸಲ ಡೆಟಾಲ್ ಹಾಕುವುದು ನನಗೆ ಸರಿಕಾಣುವುದಿಲ್ಲ. ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿದ ಬಟ್ಟೆಗೆ ಅದು ಬೇಕಾಗಿಲ್ಲ, ಉಳಿದರೆ ಎಳೆಯ ಚರ್ಮ ಉರಿಯುತ್ತದೆ.

ಬೇಸಿಗೆಯಲ್ಲಿ ಮಾಳಿಗೆಯ ತಂತಿಯ ಮೇಲೆ ಒಂದೇ ಪದರದ ಬಟ್ಟೆ ಗಂಟೆಯೊಳಗೆ ಒಣಗುತ್ತದೆ, ಹಳದಿ ಕಲೆಯನ್ನೂ ಬಿಸಿಲೇ ತೆಗೆಯುತ್ತದೆ. ಮೇಲುಹೊದಿಕೆಗಳು ಮಾತ್ರ ನೆರಳಿನಲ್ಲಿರಲಿ. ಜೂನ್ ಕಳೆದ ಮೇಲೆ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ದಪ್ಪ ಪದರದ ಸಿದ್ಧ ಲಂಗೋಟಿ ಎರಡು ದಿನವಾದರೂ ಹಸಿಯಾಗಿಯೇ ಇರುತ್ತದೆ. ಒಂದೇ ಪದರದ ಬಟ್ಟೆಯ ಬೆಲೆ ಆಗ ತಿಳಿಯುತ್ತದೆ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಫ್ಯಾನ್ ಹಾಕಿ, ಕೊನೆಗೆ ಇಸ್ತ್ರಿ ತಿರುವಿದರೆ ಆರುತ್ತದೆ. ಶೇಗಡಿಯ ಕೆಂಡದ ಮೇಲೆ ಬುಟ್ಟಿ ಡಬ್ಬುಹಾಕಿ ಒಣಗಿಸುವ ಹಳೆಯ ರೂಢಿಯನ್ನು ಬಾಣಂತಿಯ ಮುಚ್ಚಿದ ಕೋಣೆಯಲ್ಲಿ ಮಾಡಬಾರದು. ಕೆಂಡದ ವಿಷಗಾಳಿ ಕಾಣದೆಯೇ ಕೊಲ್ಲಬಲ್ಲದು.

ಚರ್ಮ ಕೆಂಪಾದರೆ ಬೇಗ ಬೇಗ ಬದಲಾಯಿಸಿ, ದಿನದಲ್ಲಿ ಸ್ವಲ್ಪ ಹೊತ್ತು ಬಟ್ಟೆಯಿಲ್ಲದೆ ಬಿಡಬೇಕು. ಪೌಡರ್ ಬೇಡ, ಅದರ ಧೂಳು ಕೂಸಿನ ಉಸಿರಿಗೆ ಹೋಗುತ್ತದೆ. ತೊಡೆಯ ಸಂದುಗಳಲ್ಲಿ ಕಡುಗೆಂಪಾಗಿ ಸುತ್ತ ಚಿಕ್ಕ ಚುಕ್ಕೆಗಳೆದ್ದರೆ ಅದು ಬೂಷ್ಟಿನ (ಫಂಗಸ್) ಸೋಂಕಿರಬಹುದು, ವೈದ್ಯರಿಗೆ ತೋರಿಸಬೇಕು. ಇಬ್ಬರದೂ ಒಟ್ಟಿಗೆ ಒದ್ದೆಯಾದಾಗ ಬರಿಯ ಉಚ್ಚೆಯದನ್ನು ಮೊದಲು, ಹೊಲಸಾದದ್ದನ್ನು ಬಳಿಕ ಬದಲಾಯಿಸಿ ಕೈಗೆ ಸೋಪು ಹಚ್ಚಿ ತೊಳೆದರೆ ಒಬ್ಬರ ಬೇನೆ ಇನ್ನೊಬ್ಬರಿಗೆ ದಾಟುವುದು ಕಡಿಮೆಯಾಗುತ್ತದೆ.

ಹಿರಿಯ ಮಗುವನ್ನು ನಿದ್ದೆಯಿಂದೆದ್ದ ಕೂಡಲೇ ಮತ್ತು ಊಟವಾದ ಮೇಲೆ ಬಚ್ಚಲಿಗೆ ಕರೆದೊಯ್ಯುವ ರೂಢಿ ಮಾಡಿದರೆ ದಿನಕ್ಕೆ ಎರಡು ಮೂರು ಲಂಗೋಟಿ ಉಳಿಯುತ್ತವೆ. ಹೊಸ ಕೂಸು ಬಂದ ಮೊದಲ ವಾರಗಳಲ್ಲಿ ಕಲಿತದ್ದನ್ನೂ ಅದು ಮರೆತಂತೆ ಮಾಡುತ್ತದೆ. ಆಗ ಗದರಿಸಿದರೆ ಲಂಗೋಟಿಯ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತಮ್ಮನದೋ ತಂಗಿಯದೋ ಬಟ್ಟೆಯನ್ನು ತಂದುಕೊಡುವ ಕೆಲಸವನ್ನು ಅದಕ್ಕೇ ಒಪ್ಪಿಸಿ. ನಮ್ಮ ಹಿರಿಯದು ಲಂಗೋಟಿ ಬಿಟ್ಟ ದಿನ ಅದರ ಪಾಲಿನ ಬಟ್ಟೆಗಳನ್ನು ಎರಡೆರಡಾಗಿ ಸೇರಿಸಿ ಹೊಲಿದೆವು. ಕಿರಿಯದಕ್ಕೆ ರಾತ್ರಿ ಹಾಕಲು ಅಷ್ಟು ದಪ್ಪದ್ದೇ ಬೇಕಾಗಿತ್ತು.