ಕ್ಲೈಂಟ್‌ನಿಂದ ಉತ್ತರ ಬರಲು ಶುರುವಾಗಿದ್ದು ಹೀಗೆ

ನ್ಯೂಜೆರ್ಸಿಯ ಕ್ಲೈಂಟ್‌ಗೆ ನಾನು ಬರೆದ ಇಂಗ್ಲಿಷ್ ಮೇಲ್‌ಗಳಿಗೆ ಉತ್ತರವೇ ಬರುತ್ತಿರಲಿಲ್ಲ. ವ್ಯಾಕರಣದ ತೊಂದರೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. ಅದಲ್ಲ. ಕೇಳಬೇಕಾದ್ದು ಕೊನೆಯ ಸಾಲಿನಲ್ಲಿ ಇರುತ್ತಿತ್ತು, ಅದಕ್ಕೂ ಮುಂಚೆ ಬರೀ ಪೀಠಿಕೆ.

ಈಗ ಮೊದಲ ಸಾಲಿನಲ್ಲೇ ಕೇಳಿಬಿಡುತ್ತೇನೆ: ‘ಪೇಮೆಂಟ್ ಪೇಜ್‌ಗೆ ಸೋಮವಾರದೊಳಗೆ ನಿಮ್ಮ ಒಪ್ಪಿಗೆ ಬೇಕು.’ ಕಾರಣ ಆಮೇಲೆ.

ಜಾಸ್ತಿ ಗೊಂದಲ ಆಗುತ್ತಿದ್ದದ್ದು ದಿನಾಂಕದಲ್ಲಿ. 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಹಾಗಾಗಿ ತಿಂಗಳ ಹೆಸರನ್ನೇ ಬರೆಯುತ್ತೇನೆ. ‘ದಿನದ ಕೊನೆಗೆ ಕಳಿಸುತ್ತೇನೆ’ ಅನ್ನುವುದನ್ನೂ ಬಿಟ್ಟೆ. ಯಾರ ದಿನ? ಅವರು ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಎರಡೂ ಕಡೆಯ ಸಮಯ ಹಾಕಿದರೆ ತಲೆನೋವಿಲ್ಲ.

ಕಾಲ್‌ಗೆ ಮುಂಚೆ ಮೂರು ಸಾಲು ಬರೆದಿಟ್ಟುಕೊಳ್ಳುತ್ತೇನೆ: ಮುಗಿದದ್ದು, ನಡೆಯುತ್ತಿರುವುದು, ನಿಂತುಹೋಗಿರುವುದು. ಅರ್ಥವಾಗದಿದ್ದರೆ ಸುಮ್ನೆ ಹೂಂ ಅನ್ನುವುದಿಲ್ಲ. ನನಗೆ ತಿಳಿದಷ್ಟನ್ನು ತಿರುಗಿ ಹೇಳಿ, ‘ಸರಿ ತಾನೇ?’ ಅಂತ ಕೇಳುತ್ತೇನೆ. ಕಾಲ್ ಮುಗಿದ ಕೂಡಲೇ ಒಪ್ಪಿಕೊಂಡಿದ್ದನ್ನೆಲ್ಲ ಮೇಲ್‌ನಲ್ಲಿ ಹಾಕುತ್ತೇನೆ. ಆಮೇಲೆ ‘ನಾನು ಹಾಗೆ ಹೇಳಿರಲಿಲ್ಲ’ ಅನ್ನುವ ಮಾತು ನಿಂತಿತು.

ಉಚ್ಚಾರಣೆ ಮಾತ್ರ ಇನ್ನೂ ಹಾಸನದ್ದೇ. ನಿಧಾನವಾಗಿ ಮಾತಾಡುತ್ತೇನೆ, ಅವರಿಗೆ ಅರ್ಥವಾಗುತ್ತದೆ. ಅಷ್ಟು ಸಾಕು ಅಲ್ವಾ?